ಮಳೆಗಾಲದ ಕೂಟಕ್ಕೆ ಯಾವ ದಾರಿ: ಕೊಡಗಿನ ಹಿರಿಯರಿಗಾಗಿ ಫೋನ್, ವಾಟ್ಸಾಪ್, ಜೂಮ್, ಮೀಟ್‌ಗಳ ಹೋಲಿಕೆ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸೆಪ್ಟೆಂಬರ್ ಮೊದಲ ವಾರದ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬರುವವರೆಗೆ ಕೊಡಗಿನ ತೋಟದ ಮನೆಗಳ ಹಿರಿಯರು ಹೊರಗೆ ಕಾಲಿಡುವುದು ಕಡಿಮೆ. ಅಂಗಳಕ್ಕೆ ಪಾಚಿ ಕಟ್ಟಿರುತ್ತದೆ, ಗೇಟಿನವರೆಗಿನ ದಾರಿ ಕೆಸರಾಗಿರುತ್ತದೆ, ಬಸ್ಸು ನಿಲ್ಲುವ ಜಾಗ ತಲುಪುವಷ್ಟರಲ್ಲಿ ಕೊಡೆ ಗಾಳಿಗೆ ಮಗುಚಿರುತ್ತದೆ. 2011ರ ಜನಗಣತಿಯಂತೆ 4,102 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಜಿಲ್ಲೆಯಲ್ಲಿ ಇದ್ದವರು 5,54,519 ಮಂದಿ. ರಾಜ್ಯದಲ್ಲಿ ಸರಾಸರಿ ಚದರ ಕಿಲೋಮೀಟರಿಗೆ 319 ಜನರಿದ್ದರೆ ಇಲ್ಲಿ 135. ಅಂಕಿಯನ್ನು ಬದಿಗಿಟ್ಟು ನೋಡಿದರೂ ಸಂಗತಿ ಅದೇ: ಪಕ್ಕದ ಮನೆ ಎಂದರೆ ಇಲ್ಲಿ ಒಂದು ತೋಟದಾಚೆಯ ಮನೆ. ಮಕ್ಕಳು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ದುಬೈಯಲ್ಲೋ ಇರುತ್ತಾರೆ, ಜಿಲ್ಲೆಗೆ ರೈಲಿಲ್ಲ, ರಸ್ತೆಯ ಪ್ರಯಾಣವನ್ನು ಎಪ್ಪತ್ತೈದು ದಾಟಿದವರ ಸೊಂಟ ಒಪ್ಪುವುದಿಲ್ಲ.

ಇಂಥ ಹಿರಿಯರನ್ನು ಹದಿನೈದು ದಿನಕ್ಕೊಮ್ಮೆ ಮನೆಯಲ್ಲಿ ಕುಳಿತಲ್ಲೇ ಒಂದುಗೂಡಿಸುವ ಕೆಲಸವನ್ನು ನಾವು ಕೆಲವರು ದಕ್ಷಿಣ ಕೊಡಗಿನಲ್ಲಿ ಕೋವಿಡ್ ಕಾಲದಲ್ಲಿ ಶುರುಮಾಡಿದೆವು, ಅದು ಈಗಲೂ ನಡೆಯುತ್ತಿದೆ. ಬೇರೆ ಊರುಗಳಲ್ಲಿ ಇದೇ ಪ್ರಯತ್ನ ಮಾಡಬೇಕೆಂದಿರುವ ಮಹಿಳಾ ಸಮಾಜ, ಯುವಕ ಸಂಘ, ನಿವೃತ್ತ ಸೈನಿಕರ ಬಳಗದವರು ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಆ್ಯಪ್ ಒಳ್ಳೆಯದು? ಈ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು ಎನ್ನುವುದು ನನ್ನ ಅಭಿಪ್ರಾಯ. ಹಿರಿಯರೊಬ್ಬರು ಫೋನನ್ನು ಕೈಗೆತ್ತಿಕೊಂಡ ಕ್ಷಣದಿಂದ ಇನ್ನೊಬ್ಬರ ದನಿ ಅವರ ಕಿವಿಗೆ ಬೀಳುವವರೆಗೆ ಎಷ್ಟು ಬಾರಿ ಬೆರಳು ಒತ್ತಬೇಕು, ಕರೆಂಟ್ ಹೋದರೆ ಆ ದನಿ ಎಷ್ಟು ಹೊತ್ತು ಉಳಿಯುತ್ತದೆ, ಮತ್ತು ಉಳಿದ ದನಿ ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆಯೇ ಎಂಬ ಮೂರನ್ನು ನೋಡಿದರೆ ಆಯ್ಕೆ ತಾನಾಗಿ ಅರ್ಧ ಮುಗಿಯುತ್ತದೆ. ಮುಖ ಕಾಣುವುದು, ಹಿನ್ನೆಲೆಯ ಚಿತ್ರ ಬದಲಿಸುವುದು, ನೂರು ಜನ ಸೇರಬಹುದು ಎನ್ನುವುದು ಇವೆಲ್ಲ ಅನಂತರದ ಮಾತು.

ಸಾದಾ ಫೋನಿನ ಕಾನ್ಫರೆನ್ಸ್ ಕರೆ

ಇದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ನಾವೂ ಮೊದಲ ವರ್ಷ ಇಡಲಿಲ್ಲ. ಮೊಬೈಲಿನಲ್ಲಿ ಒಬ್ಬರಿಗೆ ಕರೆ ಮಾಡಿ, ಅದನ್ನು ಹೋಲ್ಡ್‌ನಲ್ಲಿಟ್ಟು ಇನ್ನೊಬ್ಬರಿಗೆ ಕರೆ ಮಾಡಿ, ‘ಮರ್ಜ್’ ಒತ್ತಿದರೆ ಇಬ್ಬರೂ ಕೂಡುತ್ತಾರೆ. ಹೀಗೆ ಒಟ್ಟು ಐದು ಜನರನ್ನು ಕೂಡಿಸಬಹುದು, ಕರೆ ಮಾಡಿದವರೂ ಸೇರಿ ಆರಾಗುತ್ತದೆ. ಹಿರಿಯರು ಮಾಡಬೇಕಾದದ್ದು ಹಸಿರು ಗುಂಡಿ ಒತ್ತಿ ‘ಹಲೋ’ ಎನ್ನುವುದಷ್ಟೇ. ಇಂಟರ್ನೆಟ್ ಬೇಡ, ಸ್ಮಾರ್ಟ್‌ಫೋನ್ ಬೇಡ, ಕರೆನ್ಸಿ ಹಾಕಿಸಿದ ಗುಂಡಿಯ ಫೋನ್ ಸಾಕು. ಎಷ್ಟು ಬಾರಿ ಒತ್ತಬೇಕು ಎಂಬ ಲೆಕ್ಕದಲ್ಲಿ ಇದಕ್ಕೆ ಒಂದೇ ಅಂಕ, ಮತ್ತು ಈ ಪರೀಕ್ಷೆಯಲ್ಲಿ ಕಡಿಮೆ ಅಂಕವೇ ಗೆಲುವು.

ಕೇಳಿಸುವ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಗಳನ್ನು. ‘ಸ’, ‘ಶ’, ‘ಚ’ದಂಥ ಅಕ್ಷರಗಳ ಗುರುತು ಇರುವುದು ಅಲ್ಲೇ. ಹಳೆಯ ಕಾಲದ ದೂರವಾಣಿ ಕರೆ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನು ಮಾತ್ರ ಸಾಗಿಸುತ್ತಿತ್ತು, ಆದ್ದರಿಂದ ‘ಸಾರು’ ಎಂದರೂ ‘ಚಾರು’ ಎಂದರೂ ಅಜ್ಜಿಗೆ ಒಂದೇ. 4ಜಿ ಜಾಲದ ಮೇಲೆಯೇ ಸಾಗುವ ವೋಲ್ಟೆ (VoLTE) ಕರೆ ಸುಮಾರು 7,000 ಹರ್ಟ್ಸ್‌ವರೆಗೆ ಸಾಗಿಸಬಲ್ಲದು. ಹೀಗಾಗಿ ಕಿವಿ ಮಂದವಾದವರಿಗೆ ಹೊಸ ಫೋನ್ ಕೊಡಿಸುವ ಯೋಚನೆಯಿದ್ದರೆ ದೊಡ್ಡ ಪರದೆಯದನ್ನು ಹುಡುಕುವ ಮೊದಲು ವೋಲ್ಟೆ ಇರುವ, ತಂತಿಯ ಇಯರ್‌ಫೋನ್ ಸಿಕ್ಕಿಸಲು ತೂತಿರುವ ಫೋನನ್ನು ನೋಡಿ. ವೋಲ್ಟೆ ಇದ್ದರೂ ಎರಡೂ ಕಡೆ ಸಿಗ್ನಲ್ ಇದ್ದಾಗ ಮಾತ್ರ ಅದರ ಫಲ ಸಿಗುತ್ತದೆ ಎನ್ನುವುದನ್ನು ಮರೆಯುವಂತಿಲ್ಲ.

ಕೊರತೆ ಇಲ್ಲವೆಂದಲ್ಲ. ಆರು ಜನಕ್ಕಿಂತ ಹೆಚ್ಚು ಸೇರಿಸಲಾಗದು. ಮುಖ ಕಾಣದ್ದರಿಂದ ಯಾರು ಮಾತಾಡುತ್ತಿದ್ದಾರೆಂದು ಗೊತ್ತಾಗದೆ ಇಬ್ಬರು ಒಟ್ಟಿಗೆ ಶುರುಮಾಡಿ, ಇಬ್ಬರೂ ‘ನೀವು ಹೇಳಿ, ನೀವು ಹೇಳಿ’ ಎಂದು ನಿಲ್ಲುತ್ತಾರೆ. ನಡೆಸುವವರು ಹೆಸರು ಹಿಡಿದು ಕರೆಯಬೇಕು: ‘ಈಗ ದೊಡ್ಡಮ್ಮ ಹೇಳ್ತಾರೆ, ಆಮೇಲೆ ಮಾವ ನೀವು.’ ನಮ್ಮಲ್ಲಿ ಸೈನ್ಯದಿಂದ ನಿವೃತ್ತರಾದ ಹಿರಿಯರೊಬ್ಬರು ಈ ಹೊಣೆ ಹೊತ್ತರು. ಅವರು ಹಾಜರಿ ಕರೆದಂತೆ ಕರೆಯುತ್ತಾರೆ, ಹೆಸರು ಬಂದವರು ಎರಡು ನಿಮಿಷ ಮಾತಾಡುತ್ತಾರೆ, ಮಧ್ಯೆ ಬಾಯಿ ಹಾಕಿದವರಿಗೆ ಗದರಿಕೆ ಬೀಳುತ್ತದೆ. ಇಪ್ಪತ್ತೈದು ಜನರನ್ನು ಐದು ಕರೆಗಳಾಗಿ ಹಂಚಿ, ಪ್ರತಿ ಕರೆಗೆ ಒಬ್ಬರನ್ನು ಮುಂದಾಳು ಮಾಡಿದ್ದೇವೆ. ಮಳೆಗಾಲದ ಮೂರು ತಿಂಗಳು ನಮ್ಮ ಕೂಟ ನಡೆಯುವುದು ಬಹುಪಾಲು ಹೀಗೆಯೇ.

ಕರೆಂಟ್ ಮತ್ತು ಟವರ್

ಆ್ಯಪ್‌ಗಳ ಕಡೆಗೆ ಹೋಗುವ ಮುನ್ನ ಈ ವಿಷಯ ಮುಗಿಸಿಕೊಳ್ಳುವುದು ಒಳಿತು, ಏಕೆಂದರೆ ಪೇಟೆಯಲ್ಲಿ ಕುಳಿತು ಸಲಹೆ ಕೊಡುವವರಿಗೆ ಹೊಳೆಯದೆ ಇರುವುದು ಇದೇ. ಜುಲೈಯಲ್ಲಿ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದರೆ ಕರೆಂಟ್ ಎರಡು ದಿನ ಬರದಿರಬಹುದು. ಕರೆಂಟ್ ಹೋದ ತಕ್ಷಣ ಮನೆಯ ವೈಫೈ ಸಾಯುತ್ತದೆ. ಟವರ್ ತನ್ನ ಬ್ಯಾಟರಿಯ ಮೇಲೆ ಕೆಲವು ಗಂಟೆ ಉಸಿರಾಡಿ, ಜನರೇಟರಿಗೆ ಡೀಸೆಲ್ ಬಾರದಿದ್ದರೆ ಅದೂ ನಿಲ್ಲುತ್ತದೆ. ಹಳೆಯ ತಾಮ್ರದ ತಂತಿಯ ಲ್ಯಾಂಡ್‌ಲೈನ್‌ಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ತಂತಿಯಲ್ಲಿ ಬರುತ್ತಿತ್ತು, ಆದ್ದರಿಂದ ಮನೆ ಕತ್ತಲಾದರೂ ಫೋನ್ ಬದುಕಿರುತ್ತಿತ್ತು. ಫೈಬರ್‌ಗೆ ಬದಲಾದ ಮನೆಗಳಲ್ಲಿ ಆ ಅನುಕೂಲ ಹೋಯಿತು; ಮೋಡೆಮ್‌ಗೆ ಕರೆಂಟ್ ಬೇಕು.

ಮನೆಗೆ ಇನ್ವರ್ಟರ್ ಇದ್ದರೆ ಮೋಡೆಮ್‌ನ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಸೇರಿಸಿಕೊಡುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ಬಲ್ಬು ಫ್ಯಾನುಗಳಿಗೆ ಕೊಟ್ಟು ಇದನ್ನು ಮರೆತ ಮನೆಗಳೇ ಹೆಚ್ಚು. ಇನ್ವರ್ಟರ್ ಇಲ್ಲದಿದ್ದರೆ ಮೋಡೆಮ್‌ಗೆಂದೇ ಬರುವ ಪುಟ್ಟ 12 ವೋಲ್ಟ್ ಯುಪಿಎಸ್ ಕೆಲವು ಗಂಟೆಯಾದರೂ ದಾಟಿಸುತ್ತದೆ. ರೇಂಜ್ ಸಿಗುವ ಮೂಲೆ ಯಾವುದೆಂದು ಆ ಮನೆಯ ಹಿರಿಯರಿಗೇ ಚೆನ್ನಾಗಿ ಗೊತ್ತಿರುತ್ತದೆ. ನಮ್ಮ ಕೂಟದ ಅಜ್ಜಿಯೊಬ್ಬರ ಮನೆಯಲ್ಲಿ ಅದು ಕಾಫಿ ಕಣದ ಕಡೆಗಿನ ಕಿಟಕಿ. ಬೆತ್ತದ ಕುರ್ಚಿ, ಶಾಲು, ನೀರಿನ ಚೊಂಬು ಎಲ್ಲವೂ ಕೂಟದ ದಿನ ಅಲ್ಲಿಗೆ ಸ್ಥಳಾಂತರವಾಗುತ್ತವೆ. ಯಾವ ಮಾಧ್ಯಮ ಎಂದು ತೀರ್ಮಾನಿಸುವ ಮೊದಲು ಪ್ರತಿ ಮನೆಗೆ ಒಮ್ಮೆ ಹೋಗಿ ಇಂಥ ಮೂಲೆಯನ್ನು ಕಣ್ಣಾರೆ ನೋಡಿ ಬನ್ನಿ. ದೂರದಿಂದಲೇ ಕೇಳಿದರೆ ಎಲ್ಲರೂ ‘ನೆಟ್‌ವರ್ಕ್ ಇದೆ’ ಎನ್ನುತ್ತಾರೆ.

ವಾಟ್ಸಾಪ್ ಗುಂಪು ಕರೆ

ಮಕ್ಕಳು ಹೊರಗಿರುವ ಮನೆಗಳಲ್ಲಿ ವಾಟ್ಸಾಪ್ ಈಗಾಗಲೇ ಇರುತ್ತದೆ, ಮೊಮ್ಮಕ್ಕಳ ಫೋಟೋ ನೋಡಿ ಬೆರಳು ಪಳಗಿರುತ್ತದೆ. ಅದರ ಗುಂಪು ಕರೆಯಲ್ಲಿ 32 ಜನರವರೆಗೆ ಸೇರಬಹುದು. ಆದರೆ ಅದರ ದೊಡ್ಡ ಗುಣವಿರುವುದು ಆ ಸಂಖ್ಯೆಯಲ್ಲಲ್ಲ. ಫೋನಿನಂತೆಯೇ ಅದು ರಿಂಗ್ ಆಗುತ್ತದೆ, ಎತ್ತಿಕೊಂಡರೆ ಒಳಗಿದ್ದಂತೆ. ಲಿಂಕ್ ಹುಡುಕುವುದು, ಪಾಸ್‌ವರ್ಡ್ ಹಾಕುವುದು ಯಾವುದೂ ಇಲ್ಲ. ಎತ್ತುವುದು ತಡವಾದರೆ ಗುಂಪನ್ನು ತೆರೆದು ‘ಜಾಯಿನ್’ ಒತ್ತಿ ಆಮೇಲೂ ಸೇರಬಹುದು.

ನಮ್ಮ ಅನುಭವದಲ್ಲಿ ವಿಡಿಯೋ ಕರೆಗೆ ಎಂಟು ಜನ ಮೀರಿದರೆ ಮುಖಗಳು ಅಂಚೆಚೀಟಿಯಷ್ಟಾಗುತ್ತವೆ, ಕಣ್ಣಿಗೆ ಪೊರೆ ಬಂದವರಿಗೆ ಯಾರು ಯಾರೆಂದು ತಿಳಿಯುವುದಿಲ್ಲ. ಅದಕ್ಕಿಂತ ತೊಂದರೆಯೆಂದರೆ ಎಲ್ಲರ ಮೈಕನ್ನೂ ಹತೋಟಿಯಲ್ಲಿಟ್ಟು ಸಭೆ ನಡೆಸುವ ಅನುಕೂಲ ಇದರಲ್ಲಿ ಕಡಿಮೆ. ಒಂದು ಮನೆಯಲ್ಲಿ ಕುಕ್ಕರ್ ಕೂಗಿದರೆ, ಇನ್ನೊಂದರಲ್ಲಿ ನಾಯಿ ಬೊಗಳಿದರೆ ಎಲ್ಲರಿಗೂ ಅದೇ ಕೇಳಿಸುತ್ತದೆ. ಐದಾರು ಜನರ ಹರಟೆಗೆ, ಹುಟ್ಟುಹಬ್ಬಕ್ಕೆ, ಆಸ್ಪತ್ರೆಯಿಂದ ಮನೆಗೆ ಬಂದವರನ್ನು ಮಾತಾಡಿಸುವುದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ; ಕಾರ್ಯಕ್ರಮ ಎಂದು ಕರೆಯಬಹುದಾದ ಯಾವುದಕ್ಕೂ ಇದು ಸಾಲದು. ನೆಟ್ ನಿಧಾನವಿದ್ದರೆ ವಿಡಿಯೋ ನಿಲ್ಲಿಸಿ ದನಿಯನ್ನು ಮಾತ್ರ ಇಟ್ಟುಕೊಳ್ಳಿ. ವಿಡಿಯೋಗೆ ಹೋಲಿಸಿದರೆ ಅದಕ್ಕೆ ಬೇಕಾಗುವ ಡೇಟಾ ತೀರಾ ಅಲ್ಪ, ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ನಿಶ್ಚಿಂತೆಯಿಂದ ನಡೆಯುತ್ತದೆ.

ಜೂಮ್ ಮತ್ತು ಗೂಗಲ್ ಮೀಟ್

ಇಪ್ಪತ್ತು ಮೂವತ್ತು ಜನ ಸೇರುವ ಕಥೆ, ಹಾಡು, ಉಪನ್ಯಾಸಗಳಿಗೆ ಇವೆರಡರಲ್ಲಿ ಒಂದು ಬೇಕಾಗುತ್ತದೆ. ಹಣ ಕೊಡದೆ ಬಳಸುವಾಗ ಎರಡರಲ್ಲೂ ನೂರು ಜನರವರೆಗೆ ಸೇರಬಹುದು. ಜೂಮ್ 40 ನಿಮಿಷಕ್ಕೆ ನಿಲ್ಲುತ್ತದೆ, ಮೀಟ್ ಮೂವರಿಗಿಂತ ಕಡಿಮೆಯಿಲ್ಲದ ಸಭೆಗೆ 60 ನಿಮಿಷ ಕೊಡುತ್ತದೆ. 40 ನಿಮಿಷದ ಮಿತಿಯನ್ನು ಎಲ್ಲರೂ ದೂರುತ್ತಾರೆ, ನನಗೆ ಅದು ದೋಷವಾಗಿ ಕಂಡಿಲ್ಲ. ಎಂಬತ್ತರ ವಯಸ್ಸಿನಲ್ಲಿ ಪರದೆ ನೋಡುತ್ತ ಮುಕ್ಕಾಲು ಗಂಟೆ ಕುಳಿತರೆ ಕುತ್ತಿಗೆ ನೋಯುತ್ತದೆ, ಬಾತ್‌ರೂಮಿಗೆ ಹೋಗಬೇಕಾಗುತ್ತದೆ, ಕಾಫಿ ನೆನಪಾಗುತ್ತದೆ. ಕೂಟವನ್ನು 35 ನಿಮಿಷಕ್ಕೆ ಹೊಂದಿಸಿ ಮುಗಿಸಿದರೆ ಹಣ ಕೊಡುವ ಪ್ರಶ್ನೆಯೇ ಬರುವುದಿಲ್ಲ.

ಮೀಟ್‌ನ ಅನುಕೂಲವೆಂದರೆ ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದು ಮೊದಲೇ ಕುಳಿತಿರುತ್ತದೆ. ಅನನುಕೂಲವೆಂದರೆ ಫೋನಿನ ಜಿಮೇಲ್ ಖಾತೆ ಬಹುಮಟ್ಟಿಗೆ ಮೊಮ್ಮಗನ ಹೆಸರಿನಲ್ಲಿರುತ್ತದೆ. ಎಂಬತ್ತೆರಡು ವರ್ಷದ ಹಿರಿಯರೊಬ್ಬರು ನಮ್ಮ ಕೂಟಕ್ಕೆ ನಾಲ್ಕು ತಿಂಗಳು ಯಾವುದೋ ಆಟದ ಅಡ್ಡಹೆಸರು ಹೊತ್ತು ಬರುತ್ತಿದ್ದರು. ಅವರನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಮೊದಲ ದಿನ ಹತ್ತು ನಿಮಿಷ ಹೊರಗೇ ನಿಲ್ಲಿಸಿದ್ದೆವು.

ಜೂಮ್‌ನಲ್ಲಿ ಹಿರಿಯರು ಸಿಕ್ಕಿಬೀಳುವ ಜಾಗಗಳು ಎರಡು. ಮೊದಲನೆಯದು, ಒಳಗೆ ಬಂದ ಮೇಲೂ ದನಿ ಕೇಳಬೇಕಾದರೆ ‘ವೈಫೈ ಆರ್ ಸೆಲ್ಯುಲಾರ್ ಡೇಟಾ’ ಎಂಬುದನ್ನು ಮತ್ತೊಮ್ಮೆ ಒತ್ತಬೇಕು. ಅದನ್ನು ಒತ್ತದವರು ಎಲ್ಲರ ಬಾಯಿ ಆಡುವುದನ್ನು ಮೂಕಿ ಚಿತ್ರದಂತೆ ನೋಡುತ್ತ, ತಮ್ಮ ಕಿವಿಯೇ ಹೋಯಿತೆಂದು ಗಾಬರಿಯಾಗುತ್ತಾರೆ. ಎರಡನೆಯದು, ನಡೆಸುವವರು ಎಲ್ಲರ ಮೈಕನ್ನು ಒಂದೇ ಸಲ ಮುಚ್ಚಬಹುದೇ ಹೊರತು ತಾವಾಗಿ ತೆರೆಯಲಾಗುವುದಿಲ್ಲ. ತೆರೆಯಲು ಕೋರಿಕೆ ಕಳಿಸಬಹುದು, ಒಪ್ಪಿಗೆಯ ಗುಂಡಿಯನ್ನು ಹಿರಿಯರೇ ಒತ್ತಬೇಕು. ಹಾಗಾಗಿ ‘ಮ್ಯೂಟ್ ಆಲ್’ ಒತ್ತಿದ ಮೇಲೆ ಅರ್ಧದಷ್ಟು ಜನ ಆ ದಿನದ ಮಟ್ಟಿಗೆ ಮೌನವಾಗಿ ಉಳಿಯುವ ಅಪಾಯವಿದೆ. ನಾವು ಕಲಿತದ್ದೇನೆಂದರೆ, ಎಲ್ಲರನ್ನೂ ಮುಚ್ಚುವ ಬದಲು ಗಲಾಟೆ ಬರುವ ಒಂದೆರಡು ಮನೆಗಳ ಮೈಕನ್ನು ಮಾತ್ರ ಮುಚ್ಚುವುದು. ಒಬ್ಬರು ಕಾರ್ಯಕ್ರಮ ನಡೆಸಿದರೆ ಇನ್ನೊಬ್ಬರು ಸಾದಾ ಫೋನ್ ಹಿಡಿದು, ಸಿಕ್ಕಿಬಿದ್ದವರಿಗೆ ಕರೆ ಮಾಡಿ, ‘ಅಜ್ಜಿ, ಕೆಳಗಡೆ ಎಡಗಡೆ ಮೈಕಿನ ಚಿತ್ರ ಇದೆ ನೋಡಿ, ಕೆಂಪು ಗೆರೆ ಇದೆಯಾ?’ ಎಂದು ಹೇಳಿಕೊಡಬೇಕು. ಈ ಎರಡನೆಯವರು ಸಿಗದಿದ್ದರೆ ಜೂಮ್ ಆಯ್ಕೆ ಮಾಡಿಕೊಳ್ಳಲೇಬೇಡಿ.

ಎರಡರ ನಡುವೆ ಒಂದನ್ನೇ ಹೇಳು ಎಂದರೆ, ಹಾಡು ಕುಣಿತಗಳಿದ್ದರೆ ಜೂಮ್, ಮಾತು ಕಥೆಯಷ್ಟೇ ಆಗಿದ್ದರೆ ಮೀಟ್ ಎನ್ನುತ್ತೇನೆ. ಅದರ ಕಾರಣ ಮುಂದಿದೆ.

ದುಡಿಯ ಸದ್ದು ಎಲ್ಲಿ ಹೋಯಿತು

ಕೊಡವರ ಸಾಂಪ್ರದಾಯಿಕ ಹಾಡುಗಾರಿಕೆಯಾದ ಬಾಳೋಪಾಟ್‌ನಲ್ಲಿ ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಕೂರುತ್ತಾರೆ. ಇಬ್ಬರು ಎತ್ತಿದ ಸಾಲನ್ನು ಇನ್ನಿಬ್ಬರು ತೆಗೆದುಕೊಳ್ಳುತ್ತಾರೆ, ದುಡಿಯ ಬಡಿತ ನಡುವೆ ಹರಿಯುತ್ತಿರುತ್ತದೆ. ನಮ್ಮ ಕೂಟದಲ್ಲಿ ಹಾಡು ಬಲ್ಲ ನಾಲ್ವರು ಹಿರಿಯರು ನಾಲ್ಕು ಮನೆಗಳಲ್ಲಿದ್ದರು, ಅವರನ್ನು ಪರದೆಯ ಮೇಲೆ ಕೂಡಿಸಿ ಹಾಡಿಸುವುದೆಂದು ಉತ್ಸಾಹದಿಂದ ಹೊರಟೆವು. ಮೊದಲ ಸಾಲು ಮುಗಿಯುವ ಮುನ್ನವೇ ಎಲ್ಲವೂ ಚೆಲ್ಲಾಪಿಲ್ಲಿಯಾಯಿತು. ಒಟ್ಟಿಗೆ ಹಾಡುವವರಿಗೆ ಒಬ್ಬರ ದನಿ ಇನ್ನೊಬ್ಬರಿಗೆ ಸುಮಾರು 30 ಮಿಲಿಸೆಕೆಂಡಿನೊಳಗೆ ತಲುಪಬೇಕು. ವಿಡಿಯೋ ಕರೆಯಲ್ಲಿ ಆಗುವ ತಡ ಅದರ ಹಲವು ಪಟ್ಟು. ಪ್ರತಿಯೊಬ್ಬರೂ ಇನ್ನೊಬ್ಬರಿಗಾಗಿ ಕಾಯುತ್ತ ಹೋದರೆ ಲಯ ನಿಧಾನವಾಗುತ್ತ ಕೊನೆಗೆ ನಿಂತೇಬಿಡುತ್ತದೆ. ಇದು ಯಾವ ಆ್ಯಪ್ ಹಾಕಿದರೂ ಬದಲಾಗುವಂಥದ್ದಲ್ಲ. ಭಜನೆ, ಸೋಬಾನೆ ಹಾಡುಗಳಿಗೂ ಇದೇ ಗತಿ.

ಎರಡನೆಯ ಸಮಸ್ಯೆ ಇನ್ನೂ ವಿಚಿತ್ರ. ಒಬ್ಬರೇ ದುಡಿ ಬಾರಿಸಿ ಹಾಡಿದಾಗ ಅವರ ದನಿ ಬಂತು, ದುಡಿ ಬರಲಿಲ್ಲ; ಕೈ ಆಡುವುದು ಮಾತ್ರ ಕಾಣುತ್ತಿತ್ತು. ಈ ಆ್ಯಪ್‌ಗಳು ಮಾತಲ್ಲದ ಸದ್ದನ್ನು ಗಲಾಟೆಯೆಂದು ತಿಳಿದು ಸೋಸಿ ಎಸೆಯುತ್ತವೆ. ಬಡಿಯುವ ವಾದ್ಯ ಅವುಗಳ ಲೆಕ್ಕದಲ್ಲಿ ಬಾಗಿಲು ಬಡಿದಂತೆ. ಜೂಮ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಎಂಬ ಆಯ್ಕೆಯಿದೆ. ಹಾಡುವವರ ಕಡೆ ಅದನ್ನು ಹಾಕಿದ ದಿನ ದುಡಿ ಮನೆಮನೆಯಲ್ಲಿ ಕೇಳಿಸಿತು. ವಾಟ್ಸಾಪ್‌ನಲ್ಲಿ ನಮಗೆ ಅಂಥದ್ದು ಸಿಗಲಿಲ್ಲ. ಹಾಡಿಗೆ ಜೂಮ್ ಎಂದು ಮೇಲೆ ಹೇಳಿದ್ದು ಈ ಕಾರಣಕ್ಕೆ. ಜೊತೆಗೆ ಇನ್ನೊಂದು ಏರ್ಪಾಡು ಬೇಕು: ಹಾಡುವ ನಾಲ್ವರೂ ಒಂದೇ ಮನೆಯಲ್ಲಿ ಒಂದೇ ಮೈಕಿನ ಮುಂದೆ ಕುಳಿತಿರಲಿ, ಕೇಳುವವರು ತಮ್ಮ ಮೈಕ್ ಮುಚ್ಚಿಕೊಂಡು ಮನೆಯಲ್ಲಿ ದನಿಗೂಡಿಸಲಿ. ಅವರ ಪಾಡಿಗೆ ಅವರು ಹಾಡುತ್ತಾರೆ, ಲಯ ಯಾರದೂ ಕೆಡುವುದಿಲ್ಲ.

ಒಂದು ಮನೆ, ಒಂದು ಪರದೆ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಆಯ್ಕೆ, ಆದರೆ ಎಲ್ಲ ಕಾಲಕ್ಕೂ ಅಲ್ಲ. ಪ್ರತಿ ಹಿರಿಯರ ಕೈಗೆ ಒಂದೊಂದು ಫೋನ್ ಕೊಡುವ ಬದಲು, ನಡೆದು ಬರುವಷ್ಟು ಹತ್ತಿರದ ನಾಲ್ಕೈದು ಜನ ಒಂದು ಮನೆಯಲ್ಲಿ ಟಿವಿಯ ಮುಂದೆ ಸೇರುತ್ತಾರೆ; ಇಂಥ ನಾಲ್ಕೈದು ಮನೆಗಳು ಜೂಮ್ ಮೂಲಕ ಪರಸ್ಪರ ಕೂಡುತ್ತವೆ. ಟಿವಿಗೆ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಸಿಕ್ಕಿಸಿದರೆ ಮುಖಗಳು ದೊಡ್ಡದಾಗಿ ಕಾಣುತ್ತವೆ, ಗುಂಡಿ ಒತ್ತುವ ಕೆಲಸ ಆ ಮನೆಯ ಒಬ್ಬ ಹುಡುಗನದೋ ಹುಡುಗಿಯದೋ ಆಗುತ್ತದೆ, ಕಾಫಿಯೂ ಸಿಗುತ್ತದೆ. ಮನೆ ಸಿಗದ ಊರಿನಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರವನ್ನು, ಅಂದರೆ ನಮ್ಮ ಹಳೆಯ ಪಂಚಾಯಿತಿ ಲೈಬ್ರರಿಯನ್ನು ವಿಚಾರಿಸಬಹುದು. ಕಂಪ್ಯೂಟರ್, ಪರದೆ ಇರುವ ಕಡೆ ಮಧ್ಯಾಹ್ನದ ಒಂದು ಗಂಟೆ ಕೊಡಲು ಸಾಮಾನ್ಯವಾಗಿ ಅಡ್ಡಿ ಇರುವುದಿಲ್ಲ.

ಒಂದೇ ಎಚ್ಚರಿಕೆ: ಒಂದು ಕೋಣೆಯಲ್ಲಿ ಒಂದೇ ಮೈಕ್ ತೆರೆದಿರಬೇಕು. ಉಳಿದವರು ತಮ್ಮ ಫೋನಿನಲ್ಲೂ ಅದೇ ಸಭೆಗೆ ಸೇರಿದರೆ ಒಂದರ ದನಿ ಇನ್ನೊಂದಕ್ಕೆ ನುಗ್ಗಿ ಕಿವಿ ಸೀಳುವ ಕೀರಲು ಏಳುತ್ತದೆ. ಶ್ರವಣ ಸಾಧನ ಹಾಕಿಕೊಂಡವರಿಗೆ ಅದು ಹಿಂಸೆ. ಒಮ್ಮೆ ಹಾಗಾದ ಮೇಲೆ ನಮ್ಮ ಹಿರಿಯರೊಬ್ಬರು ಎರಡು ತಿಂಗಳು ಕೂಟಕ್ಕೇ ಬರಲಿಲ್ಲ.

ಜುಲೈ, ಆಗಸ್ಟ್‌ಗಳಲ್ಲಿ ಈ ಏರ್ಪಾಡು ನಡೆಯುವುದಿಲ್ಲ, ಏಕೆಂದರೆ ನಡೆದು ಬರುವುದೇ ಕಷ್ಟ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕೊಯ್ಲಿನ ಕಾಲಕ್ಕೂ ಇದು ಹೊಂದುತ್ತದೆಯೇ ಎಂದು ಯೋಚಿಸಬೇಕು. ಅರೇಬಿಕಾ ಮುಗಿದು ರೋಬಸ್ಟಾ ಕೊಯ್ಲು ನಡೆಯುವಾಗ ಹಿರಿಯರು ಕಣದ ಕಾಫಿ ಕಾಯುತ್ತ ಕುಳಿತಿರುತ್ತಾರೆ, ಮೋಡ ಕಂಡರೆ ಕೂಟವನ್ನು ಅರ್ಧದಲ್ಲೇ ಬಿಟ್ಟು ಟಾರ್ಪಾಲು ಹುಡುಕುತ್ತಾರೆ. ಆಗ ಕಣದಲ್ಲೇ ಕುಳಿತು ಇಯರ್‌ಫೋನಿನಲ್ಲಿ ಮಾತಾಡಲು ಬರುವ ಫೋನ್ ಕರೆಯೇ ಸರಿ.

ಹಬ್ಬಗಳಿಗೆ ಏನು ಮಾಡುವುದು

ಯೂಟ್ಯೂಬ್ ನೇರ ಪ್ರಸಾರವನ್ನು ಈವರೆಗೆ ಹೇಳದಿರಲು ಕಾರಣ, ಅದು ಕೂಟವಲ್ಲ, ನೋಟ. ಒಂದೇ ಕಡೆಯಿಂದ ಹೋಗುತ್ತದೆ, ಹಿರಿಯರು ಮರಳಿ ಮಾತಾಡಬೇಕಾದರೆ ಕಾಮೆಂಟ್ ಟೈಪ್ ಮಾಡಬೇಕು. ಆದರೂ ಹಬ್ಬಗಳಿಗೆ ಅದರ ಉಪಯೋಗವಿದೆ. ಅಕ್ಟೋಬರಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಕುಂಡಿಕೆಯಲ್ಲಿ ಕಾವೇರಿ ಉಕ್ಕುವ ತೀರ್ಥೋದ್ಭವವನ್ನು ಕೆಲವರು ಟಿವಿಯಲ್ಲಿ, ಕೆಲವರು ಮೊಬೈಲಿನಲ್ಲಿ ನೋಡುತ್ತಾರೆ. ಒಟ್ಟಿಗೆ ನೋಡುವ ಆಸೆಯಿಂದ ನಾವು ಕಾನ್ಫರೆನ್ಸ್ ಕರೆಯಲ್ಲಿ ಐದು ಮನೆಗಳನ್ನು ಕೂಡಿಸಿಟ್ಟುಕೊಂಡು ಕಾದೆವು. ಟಿವಿ ನೋಡುತ್ತಿದ್ದ ದೊಡ್ಡಮ್ಮ ‘ಬಂತು! ಬಂತು!’ ಎಂದು ಕೂಗಿ ಕೈಮುಗಿದಾಗ ಯೂಟ್ಯೂಬ್ ನೋಡುತ್ತಿದ್ದ ಮನೆಯಲ್ಲಿ ಅರ್ಚಕರು ಇನ್ನೂ ಕುಂಡಿಕೆಯ ಮುಂದೆ ಕಾಯುತ್ತಲೇ ಇದ್ದರು. ಅರ್ಧ ನಿಮಿಷದಷ್ಟು ಅಂತರ. ‘ನಿಮಗೆ ಮೊದಲು ಬಂತು, ನಮಗೆ ಯಾಕೆ ತಡ?’ ಎಂದು ಆ ಮನೆಯ ಅಜ್ಜಿ ನಿಜವಾಗಿಯೂ ನೊಂದುಕೊಂಡರು. ಮರುವರ್ಷದಿಂದ ಎಲ್ಲ ಮನೆಗಳೂ ಒಂದೇ ಪ್ರಸಾರವನ್ನು ನೋಡಬೇಕೆಂದೂ, ಕರೆಯನ್ನು ತೀರ್ಥೋದ್ಭವ ಮುಗಿದ ಹತ್ತು ನಿಮಿಷದ ಮೇಲೆ ಮಾಡುವುದೆಂದೂ ನಿಯಮ ಮಾಡಿಕೊಂಡೆವು.

ಸುಗ್ಗಿಯ ಹಬ್ಬ ಪುತ್ತರಿಯ ಕದಿರು (ಭತ್ತದ ತೆನೆ) ತೆಗೆಯುವುದನ್ನು ಗದ್ದೆಯಿಂದ ನೇರವಾಗಿ ತೋರಿಸುವ ಸಾಹಸಕ್ಕೆ ಹೋಗಬೇಡಿ. ರಾತ್ರಿಯ ಕತ್ತಲು, ಗದ್ದೆಯಲ್ಲಿ ರೇಂಜ್ ಇಲ್ಲ, ‘ಪೊಲಿ ಪೊಲಿ ದೇವಾ’ ಎಂದು ಎಲ್ಲರೂ ಕೂಗುವ ಹೊತ್ತಿಗೆ ಸರಿಯಾಗಿ ಚಿತ್ರ ನಿಂತಿರುತ್ತದೆ. ಎರಡು ನಿಮಿಷದ ವಿಡಿಯೋ ತೆಗೆದಿಟ್ಟು, ಮನೆಗೆ ಬಂದ ಮೇಲೆ ವಾಟ್ಸಾಪ್ ಗುಂಪಿಗೆ ಹಾಕಿ, ಮರುದಿನ ಹನ್ನೊಂದು ಗಂಟೆಗೆ ಅದರ ಬಗ್ಗೆಯೇ ಮಾತಿಗೆ ಕುಳಿತರೆ ಹಿರಿಯರು ತಮ್ಮ ಕಾಲದ ಪುತ್ತರಿಯನ್ನು ಬಿಚ್ಚುತ್ತಾರೆ.

ಆಗಸ್ಟ್ 3ರ ಕಕ್ಕಡ ಹದಿನೆಂಟಕ್ಕೆ, ಅಂದರೆ ಕಕ್ಕಡ ತಿಂಗಳ ಹದಿನೆಂಟನೆಯ ದಿನ ಮದ್ದು ಸೊಪ್ಪು ತಿನ್ನುವ ಆಚರಣೆಗೆ, ನಮ್ಮ ಕೂಟ ಪ್ರತಿವರ್ಷ ಸಾದಾ ಫೋನಿನಲ್ಲಿಯೇ ನಡೆಯುತ್ತದೆ, ಏಕೆಂದರೆ ನೆಟ್‌ವರ್ಕ್ ಅತ್ಯಂತ ಕೆಟ್ಟಿರುವ ವಾರ ಅದು. ಮದ್ದು ಸೊಪ್ಪಿನ ಪಾಯಸವನ್ನು ಯಾರ ಮನೆಯಲ್ಲಿ ಬೆಲ್ಲ ಹಾಕಿ ಮಾಡಿದರು, ಯಾರು ತೆಂಗಿನ ಹಾಲು ಹಾಕಿದರು, ಬಣ್ಣ ಎಷ್ಟು ಕಪ್ಪಾಯಿತು ಎಂಬುದಕ್ಕೆ ಚಿತ್ರ ಬೇಕಿಲ್ಲ. ಮಾರನೆಯ ಬೆಳಿಗ್ಗೆ ಮೂತ್ರ ಕೆಂಪಾಗುವ ಬಗ್ಗೆ ವರ್ಷವೂ ಒಂದೇ ತಮಾಷೆ, ವರ್ಷವೂ ಅದೇ ನಗು. ಅರೆಭಾಷೆಯವರು ಈ ತಿಂಗಳನ್ನು ಆಟಿ ಎಂದೇ ಹೇಳುತ್ತಾರೆ, ಕೊಡವ ತಕ್ಕ್ (ಕೊಡವ ಭಾಷೆ) ಆಡುವವರು ಕಕ್ಕಡ ಎನ್ನುತ್ತಾರೆ. ಕೂಟದ ಭಾಷೆ ಕನ್ನಡವೆಂದು ನಾವು ಬಾಯಿಮಾತಿಗೆ ಹೇಳಿದ್ದರೂ ಮೂರೂ ಬೆರೆತು ಹರಿಯುತ್ತವೆ, ಅದನ್ನು ತಡೆಯಲು ಹೋಗಬೇಡಿ.

ಮಡಿಕೇರಿ ಆಕಾಶವಾಣಿಯನ್ನು ಮರೆಯಬಾರದು. ಅಲ್ಲಿ ಕನ್ನಡದ ಜೊತೆ ಕೊಡವ ಮತ್ತು ಅರೆಭಾಷೆಯ ಕಾರ್ಯಕ್ರಮಗಳೂ ಬರುತ್ತವೆ, ರೇಡಿಯೋ ಹಚ್ಚಲು ಯಾವ ಹಿರಿಯರಿಗೂ ಹೇಳಿಕೊಡಬೇಕಿಲ್ಲ. ಕಾರ್ಯಕ್ರಮವೊಂದನ್ನು ಎಲ್ಲರೂ ತಮ್ಮ ಮನೆಯಲ್ಲಿ ಕೇಳಿ, ಮುಗಿದ ಕೂಡಲೇ ಐದೈದು ಜನರ ಫೋನ್ ಕರೆಗೆ ಸೇರುವುದು ನಾವು ಕಂಡ ಅತಿ ಅಗ್ಗದ ಸಾಂಸ್ಕೃತಿಕ ಕೂಟ.

ಲಿಂಕ್ ಎಂಬ ಅಪಾಯ, ರೆಕಾರ್ಡಿಂಗ್ ಎಂಬ ಜಗಳ

ಲಿಂಕ್ ಒತ್ತಿ ಒಳಗೆ ಬರುವುದನ್ನು ಹಿರಿಯರಿಗೆ ಕಲಿಸಿದಾಗ, ಯಾರು ಕಳಿಸಿದ ಲಿಂಕ್ ಬಂದರೂ ಒತ್ತುವುದನ್ನೂ ಕಲಿಸಿದಂತಾಗುತ್ತದೆ. ಮದುವೆಯ ಆಮಂತ್ರಣವೆಂದು ವಾಟ್ಸಾಪ್‌ನಲ್ಲಿ ಬರುವ ಕೆಲವು ಫೈಲುಗಳು ನಿಜಕ್ಕೂ ಫೋನಿಗೆ ಕನ್ನ ಹಾಕುವ ಆ್ಯಪ್‌ಗಳಾಗಿರುತ್ತವೆ. ಹೀಗಾಗಿ ರಿಂಗ್ ಆಗುವ ಮಾಧ್ಯಮಗಳು, ಅಂದರೆ ಫೋನ್ ಮತ್ತು ವಾಟ್ಸಾಪ್ ಕರೆ, ಈ ವಿಷಯದಲ್ಲಿ ಜೂಮ್, ಮೀಟ್‌ಗಳಿಗಿಂತ ಮೇಲು. ಜೂಮ್ ಬಳಸುವುದಾದರೆ ಲಿಂಕನ್ನು ಒಬ್ಬರೇ, ಒಂದೇ ನಂಬರಿನಿಂದ ಕಳಿಸಲಿ, ನಡೆಸುವವರು ಬಿಟ್ಟ ಮೇಲಷ್ಟೇ ಒಳಬರುವಂತೆ ಮಾಡುವ ವೇಟಿಂಗ್ ರೂಮ್ ಹಾಕಿರಲಿ, ಸಾರ್ವಜನಿಕ ಗುಂಪುಗಳಿಗೆ ಲಿಂಕ್ ಹೋಗದಿರಲಿ. ಸಹಾಯ ಮಾಡುವ ನೆಪದಲ್ಲಿ ಯಾರಾದರೂ ‘ಸ್ಕ್ರೀನ್ ಶೇರ್ ಮಾಡಿ’ ಎಂದರೆ ಒಪ್ಪಬಾರದೆಂದು ಮೊದಲೇ ಹೇಳಿಡಿ; ಒಟಿಪಿ ಬಂದರೆ ಅವರಿಗೂ ಕಾಣುತ್ತದೆ. ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಿರಿಯ ನಾಗರಿಕರ ಸಹಾಯವಾಣಿ 14567. ಈ ಎರಡು ನಂಬರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿಕೊಟ್ಟಿದ್ದೇವೆ.

ರೆಕಾರ್ಡಿಂಗ್ ಬೇಡವೆಂದೇ ಹೇಳುತ್ತೇನೆ. ಒಮ್ಮೆ ಹಳೆಯ ನೆನಪುಗಳನ್ನು ಉಳಿಸೋಣವೆಂದು ರೆಕಾರ್ಡ್ ಮಾಡಿದೆವು. ಹಿರಿಯರೊಬ್ಬರು ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಪಾಲಿನ ಬಗ್ಗೆ ಮಾತಿನ ಭರದಲ್ಲಿ ಏನೋ ಅಂದದ್ದು ಮಧ್ಯಾಹ್ನದ ಊಟದೊಳಗೆ ಬೆಂಗಳೂರಿನಲ್ಲಿದ್ದ ಅವರ ಅಣ್ಣನ ಮಗನಿಗೆ ತಲುಪಿತ್ತು. ಹಾಡು, ಕಥೆಗಳನ್ನು ದಾಖಲಿಸಬೇಕೆಂದಿದ್ದರೆ ಆ ಒಬ್ಬರ ಒಪ್ಪಿಗೆ ಪಡೆದು, ಅವರ ಮನೆಗೆ ಹೋಗಿ, ಬೇರೆಯಾಗಿಯೇ ಮಾಡಿಕೊಳ್ಳಿ.

ಆಯ್ಕೆ ಮಾಡುವ ಕ್ರಮ

ಹೊಸದಾಗಿ ಶುರುಮಾಡುವವರು ಮಳೆಗಾಲದಲ್ಲಿದ್ದರೆ ಐದು ಜನರ ಫೋನ್ ಕರೆಯಿಂದ ಶುರುಮಾಡಿ. ಎಲ್ಲರ ಬಳಿಯೂ ಸ್ಮಾರ್ಟ್‌ಫೋನ್ ಇದ್ದು, ರೇಂಜ್ ಚೆನ್ನಾಗಿದ್ದು, ಗುಂಪು ಎಂಟರೊಳಗಿದ್ದರೆ ವಾಟ್ಸಾಪ್ ಸಾಕು. ಜನರ ಸಂಖ್ಯೆ ಹನ್ನೆರಡು ದಾಟಿದ ಮೇಲೆ, ಪಕ್ಕದಲ್ಲಿ ಒಬ್ಬ ಸಹಾಯಕರು ಸಿಕ್ಕಿದ ಮೇಲೆ, ಒಣ ದಿನಗಳಲ್ಲಿ, ಒಂದು ಮನೆ ಒಂದು ಪರದೆಯ ಪದ್ಧತಿಯಲ್ಲಿ ಜೂಮ್‌ಗೆ ಹೋಗಿ. ಒಂದೇ ಮಾಧ್ಯಮಕ್ಕೆ ಅಂಟಿಕೊಳ್ಳುವ ಅಗತ್ಯವಿಲ್ಲ, ಆದರೆ ಒಂದು ತಿಂಗಳಿನಲ್ಲಿ ಎರಡು ಬಾರಿ ಬದಲಿಸಬೇಡಿ; ಬೆರಳು ಒಂದು ದಾರಿ ಕಲಿಯಲು ಆರೇಳು ಕೂಟ ಬೇಕು. ಹೊತ್ತು ಬೆಳಿಗ್ಗೆ ಹನ್ನೊಂದೋ ಸಂಜೆ ನಾಲ್ಕೋ ಇರಲಿ. ನಿವೃತ್ತ ಸೈನಿಕರು ಹೇಗಿದ್ದರೂ ಹತ್ತು ನಿಮಿಷ ಮೊದಲೇ ಬಂದು ಕಾಯುತ್ತಿರುತ್ತಾರೆ, ನೀವು ಹದಿನೈದು ನಿಮಿಷ ಮೊದಲು ಇರಿ.

ಕರೆಯನ್ನು ಮುಗಿಸುವುದರಲ್ಲೂ ವ್ಯತ್ಯಾಸವಿದೆ, ಅದನ್ನು ಯಾರೂ ಹೇಳುವುದಿಲ್ಲ. ಜೂಮ್‌ನಲ್ಲಿ ನಡೆಸುವವರು ಒಂದು ಗುಂಡಿ ಒತ್ತಿದರೆ ಎಲ್ಲರಿಗೂ ಮುಗಿಯುತ್ತದೆ. ಕಾನ್ಫರೆನ್ಸ್ ಕರೆಯಲ್ಲಿ ಕರೆ ಮಾಡಿದವರು ಇಟ್ಟರೆ ಸಾಮಾನ್ಯವಾಗಿ ಎಲ್ಲರದೂ ಕಡಿಯುತ್ತದೆ. ವಾಟ್ಸಾಪ್‌ನಲ್ಲಿ ಹಾಗಲ್ಲ, ಪ್ರತಿಯೊಬ್ಬರೂ ತಾವಾಗಿ ಕೆಂಪು ಗುಂಡಿ ಒತ್ತಿ ಹೊರಗೆ ಹೋಗಬೇಕು. ಒಂದು ಸಂಜೆ ನಾನು ಹೊರಬಂದ ಮೇಲೂ ಇಬ್ಬರು ಅಜ್ಜಿಯರು ಒಳಗೇ ಉಳಿದಿದ್ದರು. ಫೋನ್ ಇಡಲು ಬರಲಿಲ್ಲವೇನೋ ಎಂದು ಗಾಬರಿಯಾಗಿ ಸಾದಾ ನಂಬರಿಗೆ ಕರೆ ಮಾಡಿದರೆ, ‘ಇಡಲಿಕ್ಕೆ ಬರ್ತದೆ ಮಗ, ನೀನು ಹೋಗು, ನಮ್ಮ ಮಾತು ಮುಗಿಯಲಿಲ್ಲ’ ಎಂಬ ಉತ್ತರ ಬಂತು.